ಶ್ರೀ ಇಲ್ಲದ ಕಾರ್ಡು

ಪುಣೆಯಲ್ಲಿ ಪರ್ವತಿ ಗುಡ್ಡದ ಕೆಳಗೆ, ಬಿಬವೇವಾಡಿಯ ಕಡೆ ಹೊರಳುವ ಮಣ್ಣಿನ ದಾರಿಯ ಮೇಲೆ, ಅಪ್ಪಾಸಾಹೇಬರೆಂಬವರ ದೊಡ್ಡ ಮನೆ, ಹತ್ತು ಖೋಲಿಗಳ ಎಂದರೆ ಕೋಣೆಗಳ ವಾಡೆಯೊಂದಿತ್ತು. ಹವಾಪಾಲಟಕ್ಕೆ ಬರುವವರಿಗೆಂದೇ ಕಟ್ಟಿಸಿದ್ದು. ಹವಾಪಾಲಟ ಎಂದರೆ ಮತ್ತೇನಲ್ಲ, ಒಗ್ಗದ ಊರಿನ ಗಾಳಿ ಬಿಟ್ಟು ಒಗ್ಗುವ ಊರಿನ ಗಾಳಿ ಕುಡಿಯಲು ಹೋಗುವುದು. ಧಾರವಾಡ, ಬೆಳಗಾವಿ, ಗದಗಿನ ವಕೀಲರು, ಮಾಸ್ತರರು, ಅರಳೆ ವ್ಯಾಪಾರದವರು ದಸರೆ ಬಂತೆಂದರೆ ಹೆಂಡಿರು ಮಕ್ಕಳನ್ನು ಕಟ್ಟಿಕೊಂಡು, ಹಾಸಿಗೆ ಸುರುಳಿ, ಉಪ್ಪಿನಕಾಯಿ ಭರಣಿ ಸಮೇತ ರೈಲು ಹತ್ತಿ ಪುಣೆಗೆ ಬಂದಿಳಿಯುತ್ತಿದ್ದರು. ದೀಪಾವಳಿ ಮುಗಿಯುವ ತನಕ ಗುಡ್ಡ ಹತ್ತಿ ಇಳಿದು, ಹಾಲು ಕುಡಿದು, ಮೈ ತುಂಬಿಕೊಂಡಿತೆಂದು ಒಬ್ಬರನ್ನೊಬ್ಬರು ನಂಬಿಸಿ ಊರಿಗೆ ಮರಳುತ್ತಿದ್ದರು.

ಆ ವಾಡೆಯ ಉಸ್ತುವಾರಿ ಕಾಡಪ್ಪನದು. ಸವದತ್ತಿ ಕಡೆಯವ. ಮದುವೆಯಾದ ಹೊಸದರಲ್ಲಿ ಹೆಂಡತಿ ರುದ್ರವ್ವನೊಂದಿಗೆ ಪುಣೆಗೆ ಬಂದು, ವಾಡೆಯ ಹಿಂದಿನ ಎರಡು ಕೋಣೆಗಳಲ್ಲಿ ನೆಲೆ ನಿಂತಿದ್ದ. ಒಬ್ಬಳೇ ಮಗಳು ಪಾರವ್ವ ಅಲ್ಲಿಯೇ ಹುಟ್ಟಿದಳು. ಖೋಲಿ ತೆರೆಸುವುದು, ನೀರು ಹೊರಿಸುವುದು, ಸ್ಟೇಷನ್ನಿಗೆ ಟಾಂಗಾ ಕಳಿಸುವುದು ಇವೆಲ್ಲ ಅವನ ಕೆಲಸವೇ ಆದರೂ, ಮುಖ್ಯ ಕೆಲಸ ಪತ್ರ ಬರೆಯುವುದು. ಕಾಡಪ್ಪನ ಅಕ್ಷರ ಅಷ್ಟು ಚೆಂದ. ಬರುವವರು ಮೊದಲು ಒಂದು ಕಾರ್ಡು ಹಾಕಿ ಕೇಳುತ್ತಿದ್ದರು: ಪುಣೆಯ ಹವಾ ಹೇಗಿದೆ? ಕಾಡಪ್ಪ ಉತ್ತರ ಬರೆಯುತ್ತಿದ್ದ. ಆ ಉತ್ತರದ ಮೇಲೆ ಅವರ ಗಂಟುಮೂಟೆ ಕಟ್ಟುವುದೋ ಬಿಚ್ಚುವುದೋ ನಿಶ್ಚಯವಾಗುತ್ತಿತ್ತು.

ಹಿಂದೆ ಆ ಪ್ರಶ್ನೆಗೆ ಚಳಿ ಎಷ್ಟು, ಮಳೆ ನಿಂತಿತೇ ಎಂಬಷ್ಟೇ ಅರ್ಥವಿತ್ತು. ಪ್ಲೇಗು ಬಂದ ಮೇಲೆ ಅದರ ಅರ್ಥ ಒಂದೇ ಆಯಿತು. ಇಲಿ ಬಿದ್ದಿವೆಯೇ? ಮನೆಯೊಳಗೆ ಇಲಿ ಸತ್ತು ಬಿದ್ದರೆ ಮುಂದೆ ಮನುಷ್ಯರ ಸರದಿ ಎಂಬುದು ಚಿಕ್ಕ ಮಕ್ಕಳಿಗೂ ಗೊತ್ತಿತ್ತು. ಆದರೆ ಒಬ್ಬರೂ ಹಾಗೆಂದು ಬರೆಯುತ್ತಿರಲಿಲ್ಲ. ರೋಗದ ಹೆಸರು ಬರೆದರೆ ಟಪಾಲಿನಲ್ಲಿ ಅದೂ ಮನೆಗೆ ಬಂದೀತೆಂದು ಅಂಜುತ್ತಿದ್ದರು.

ಅಪ್ಪಾಸಾಹೇಬರು ಬರೆಸುವ ಉತ್ತರ ಯಾವಾಗಲೂ ಒಂದೇ. “ಲಿಹಾ ಕಾಡಪ್ಪಾ, ಹವಾ ಉತ್ತಮ ಆಹೇ.” ಬರಿ ಕಾಡಪ್ಪಾ, ಹವಾ ಉತ್ತಮ ಇದೆ. ಅವರೇನು ರಾಕ್ಷಸರಲ್ಲ, ಸುಣ್ಣದ ಮೇಲೆ ವಿಶ್ವಾಸವಿಟ್ಟ ಮನುಷ್ಯ. ಪ್ರತಿ ಶ್ರಾವಣದಲ್ಲಿ ವಾಡೆಗೆಲ್ಲ ಸುಣ್ಣ ಬಳಿಸಿ, ಟಾಂಗಾ ನಿಲ್ಲುವ ಬಾಗಿಲಲ್ಲೇ ಫಿನೈಲು ಚಿಮುಕಿಸುತ್ತಿದ್ದರು. ಬಂದವರು ಮೂಗಿಗೆ ವಾಸನೆ ಬಡಿದ ಕೂಡಲೇ ನಿಶ್ಚಿಂತರಾಗುತ್ತಿದ್ದರು. ಗೋಡೆ ಬೆಳ್ಳಗಿದ್ದರೆ ರೋಗವಿಲ್ಲ ಎಂದು ತಿಳಿಯುವ ಎಂಥೆಂಥ ಓದಿದವರನ್ನು ಕಾಡಪ್ಪ ನೋಡಿದ್ದನೋ! ಒಬ್ಬ ಮಾಮಲೇದಾರರಂತೂ ತರಕಾರಿ ಮಂಡಿಯಲ್ಲಿ ಬದನೆಕಾಯಿ ತಾಜಾ ಇವೆಯೆಂಬುದರ ಮೇಲೆಯೇ ಊರು ನಿರೋಗಿ ಎಂದು ತೀರ್ಮಾನ ಕೊಟ್ಟಿದ್ದರು.

ಕಾಡಪ್ಪನೂ ಒಂದೆರಡು ವರ್ಷ ಹೇಳಿದಂತೆ ಬರೆದ. ಹಾಗೆ ಬರೆದ ಒಂದು ಕಾರ್ಡು ನಂಬಿ ಬೆಳಗಾವಿಯ ಪ್ರಲ್ಹಾದರಾವ ಎಂಬ ಮಾಸ್ತರರು ಹೆಂಡತಿ ಭಾಮಾಬಾಯಿಯನ್ನು ಕರೆತಂದರು. ಬಾಣಂತಿತನದ ನಂತರ ಆಕೆ ಸೊರಗಿದ್ದರು. ಗೋಕಾಕವೋ ಪುಣೆಯೋ ಎಂದು ಯೋಚಿಸುತ್ತಿದ್ದವರು ಕಾಡಪ್ಪನ ಮಾತಿನ ಮೇಲೆ ಪುಣೆಗೆ ಬಂದರು. ಆರನೆಯ ದಿನ ಭಾಮಾಬಾಯಿ ತೀರಿಕೊಂಡರು. ಹೊರಡುವಾಗ ಮಾಸ್ತರರು ಬೈಯಲಿಲ್ಲ, ಅಳಲಿಲ್ಲ. ಕೋಟಿನ ಕಿಸೆಯಿಂದ ಆ ಕಾರ್ಡು ತೆಗೆದು ಕಾಡಪ್ಪನ ಮುಂದಿಟ್ಟರು.

“ನಿಮ್ಮ ಅಕ್ಷರ ಭಾಳ ಛಂದ ಅದಾವ್ರಿ,” ಎಂದು ಟಾಂಗಾ ಹತ್ತಿದರು.

ಅದು ಸಾವಿರದ ಒಂಬೈನೂರನೆಯ ಇಸವಿ. ಮರುವರ್ಷ ಭಾದ್ರಪದದಲ್ಲಿ ಮತ್ತೆ ಇಲಿ ಬಿದ್ದವು, ಧಾರವಾಡದ ಅವಧೂತರಾವ ವಕೀಲರ ಕಾರ್ಡೂ ಬಂತು. ಅಪ್ಪಾಸಾಹೇಬರು ಎದುರು ಕುಳಿತು, ಹವಾ ಉತ್ತಮ ಎಂದರು. ಕಾಡಪ್ಪ ಟಾಕನ್ನು ಮಸಿಯಲ್ಲಿ ಅದ್ದಿದ. ಕಾರ್ಡಿನ ನೆತ್ತಿಯ ಮೇಲೆ ಮೊದಲು ಶ್ರೀ ಬರೆಯಬೇಕು. ಕೈ ಏಳಲಿಲ್ಲ. ನಮ್ಮ ಕಡೆ ಶ್ರೀ ಇಲ್ಲದೆ ಯಾರೂ ಪತ್ರ ಬರೆಯುವುದಿಲ್ಲ. ಶ್ರೀ ಬಿಡುವುದು ಒಂದೇ ಪತ್ರಕ್ಕೆ, ಸಾವಿನ ಸುದ್ದಿಯ ಪತ್ರಕ್ಕೆ. ಕಾಡಪ್ಪ ಆ ಜಾಗ ಖಾಲಿ ಬಿಟ್ಟು, ಕೆಳಗೆ ಧನಿಗಳು ಹೇಳಿದ್ದನ್ನೆಲ್ಲ ದುಂಡಗೆ ಬರೆದ. ಅಪ್ಪಾಸಾಹೇಬರಿಗೆ ಕನ್ನಡ ಕೇಳಿದರೆ ತಿಳಿಯುತ್ತಿತ್ತು, ಓದಲು ಬರುತ್ತಿರಲಿಲ್ಲ. ಓದಿ ಹೇಳು ಎಂದರು. ಕಾಡಪ್ಪ “ಶ್ರೀ” ಎಂದೇ ಶುರುಮಾಡಿ ಗಟ್ಟಿಯಾಗಿ ಓದಿದ.

ವಕೀಲರು ಬರಲಿಲ್ಲ. ಮುಂದಿನ ವರ್ಷ, ಊರು ಪ್ಲೇಗಿಲ್ಲದೆ ಸುಮ್ಮನಿದ್ದಾಗ ಬಂದವರು ಅವನನ್ನು ಬದಿಗೆ ಕರೆದರು.

“ಹ್ವಾದ ವರ್ಷ ನಿಮ್ಮ ಕಾರ್ಡಿನ ತಲೀಮ್ಯಾಲೆ ಶ್ರೀ ಇರಲಿಲ್ಲ. ನಿಮ್ಮ ಮನ್ಯಾಗ ಯಾರೋ ಹೋಗ್ಯಾರ ಅಂತ ತಿಳದು ನಿಂತ್ವಿ. ನಮ್ಮ ಓಣ್ಯಾಗ ಪುಣೇಕ ಬಂದವರ ಪೈಕಿ ಇಬ್ಬರು ತಿರುಗಿ ಬರಲಿಲ್ಲ. ಕಾಡಪ್ಪಾ, ಬೇಕಂತನ ಬಿಟ್ಟಿದ್ರೇನು?”

“ಹೌದ್ರಿ,” ಎಂದ ಕಾಡಪ್ಪ.

ಅಲ್ಲಿಂದ ಅದು ಬಾಯಿಂದ ಬಾಯಿಗೆ ಹೋಯಿತು. ಧಾರವಾಡದ ಕೋರ್ಟಿನ ಕಟ್ಟೆಯ ಮೇಲೆ, ರೈಲಿನ ಡಬ್ಬಿಯಲ್ಲಿ, “ಈ ವರ್ಷ ಕಾಡಪ್ಪನ ಶ್ರೀ ಬಂತೇನ್ರಿ?” ಎಂದು ಕೇಳುವುದು ರೂಢಿಯಾಯಿತು. ಶ್ರೀ ಬಂದರೆ ಪುಣೆ, ಬರದಿದ್ದರೆ ಗೋಕಾಕವೋ ಕಾರವಾರವೋ. ಇಲಿ ಬಿದ್ದ ವರ್ಷ ವಾಡೆ ಏಕೆ ಖಾಲಿ ಉಳಿಯುತ್ತದೆಂದು ಅಪ್ಪಾಸಾಹೇಬರು ತಲೆ ಕೆರೆದುಕೊಂಡು ಇನ್ನೊಂದು ಸಲ ಸುಣ್ಣ ಬಳಿಸುತ್ತಿದ್ದರು. ಕಾಡಪ್ಪನಿಗೆ ಒಳಗೊಳಗೇ ಹಿಗ್ಗು. ಧನಿಗಳ ಮಾತೂ ಮೀರಲಿಲ್ಲ, ಸುಳ್ಳೂ ಬರೆಯಲಿಲ್ಲ. ತನ್ನಂಥ ಜಾಣ ಇಲ್ಲವೆಂದು ಅವನಿಗೆ ಅನ್ನಿಸಿತ್ತು. ಅನ್ನಿಸಬಾರದಿತ್ತು.

ಈ ಗುಟ್ಟು ಮನೆಯಲ್ಲಿ ಪಾರವ್ವನಿಗೆ ಗೊತ್ತಿತ್ತು. ಹದಿಮೂರರ ಹುಡುಗಿ ಅಪ್ಪನ ಮಗ್ಗುಲಿಗೆ ಕುಳಿತು ಹಸಿ ಮಸಿಯ ಮೇಲೆ ಸಣ್ಣ ಉಸುಕು ಉದುರಿಸುತ್ತಿದ್ದಳು, ಅವಳ ಕಣ್ಣಿಗೆ ಮಣ್ಣೆರಚಲು ಆಗಲಿಲ್ಲ. ರುದ್ರವ್ವನಿಗೆ ಮಾತ್ರ ಹೇಳಲಿಲ್ಲ. ಆಕೆ ಮಧ್ಯಾಹ್ನವೆಲ್ಲ ಅಪ್ಪಾಸಾಹೇಬರ ಹೆಂಡತಿ ನರ್ಮದಾಬಾಯಿಯ ಜೊತೆ ಅಕ್ಕಿ ಹಸನು ಮಾಡುತ್ತ ಕೂಡುವವಳು, ಬಾಯಿ ತಪ್ಪಿದರೆ ಗತಿ ಏನು ಎಂದು ಕಾಡಪ್ಪ ಮುಚ್ಚಿಟ್ಟ. ಹೆಂಗಸರ ಬಾಯಿಯ ಬಗ್ಗೆ ಗಂಡಸರಿಗಿರುವ ಭಯ ಎಷ್ಟು ಮನೆ ಹಾಳು ಮಾಡಿದೆಯೋ, ಲೆಕ್ಕವಿಟ್ಟವರಿಲ್ಲ.

ರುದ್ರವ್ವನಿಗೆ ಓದು ಬರಹ ಇರಲಿಲ್ಲ. ಬರುತ್ತಿದ್ದುದು ಒಂದೇ ಅಕ್ಷರ. ಪಾರವ್ವ ಸಾಲೆಗೆ ಹೋಗುವಾಗ ಹೊಸ್ತಿಲ ಮೇಲೆ ಇದ್ದಲಿಯಿಂದ ಶ್ರೀ ಬರೆದು, ಅವ್ವನ ಕೈ ಹಿಡಿದು ತಿದ್ದಿಸಿದ್ದಳು. ಮುಂದಿನ ಅಕ್ಷರ ಕಲಿಸಹೋದರೆ, “ಇದೊಂದ ಸಾಕವ್ವಾ, ಇದರಾಗ ಎಲ್ಲಾ ಬಂತು,” ಎಂದು ಎದ್ದಿದ್ದಳು. ಆಮೇಲೆ ಉಪ್ಪಿನ ಗಡಿಗೆ, ಜೋಳದ ಡಬ್ಬಿ, ಬಾಗಿಲ ಚೌಕಟ್ಟು, ಎಲ್ಲೆಲ್ಲೂ ರುದ್ರವ್ವನ ಸೊಟ್ಟ ಶ್ರೀ. ಅದರ ಕೊನೆಯ ಕೊಂಬು ಯಾವಾಗಲೂ ಕೆಳಕ್ಕೆ ಜೋಲುತ್ತಿತ್ತು.

ಪಾರವ್ವ ಹದಿನೈದಕ್ಕೆ ಗದಗಿನ ಈರಬಸಪ್ಪನ ಹೆಂಡತಿಯಾಗಿ ಹೋದಳು. ಅರಳೆ ಅಂಗಡಿಯವನು, ಒಳ್ಳೆಯ ಹುಡುಗ. ಸಾವಿರದ ಒಂಬೈನೂರ ಎಂಟರ ಮಳೆಗಾಲದಲ್ಲಿ ಅವಳಿಗೆ ದಿನಾ ಸಂಜೆ ಮೈ ಬೆಚ್ಚಗಾಗತೊಡಗಿತು. ವೈದ್ಯರು ಹವಾಪಾಲಟ ಆಗಲಿ ಎಂದರು. ಅತ್ತೆ ಗೋಕರ್ಣ ಎಂದರು, ಗಂಡ ಬೆಳಗಾವಿ ಎಂದ, ಅವಳಿಗೆ ಅವ್ವನ ಕೈಯ ಊಟ ಬೇಕಾಗಿತ್ತು. ಅಪ್ಪನ ಕಾರ್ಡು ಬರಲಿ, ಅದನ್ನು ನೋಡಿ ನಿಶ್ಚಯ ಮಾಡೋಣ ಎಂದು ಪತ್ರ ಬರೆದಳು.

ಆ ಪತ್ರ ಬಂದ ವಾರವೇ ವಾಡೆಯ ಹಿಂದಿನ ಕಾಳಿನ ಕೋಣೆಯಲ್ಲಿ ಮೂರು ಇಲಿ ಬಿದ್ದವು. ಅಪ್ಪಾಸಾಹೇಬರು ಮನೆಯ ಹೆಂಗಸರಿಗೂ ಗೊತ್ತಾಗದಂತೆ ರಾತ್ರಿಯೇ ನಿಂತು ಸುಡಿಸಿದರು. ಈ ಮನೆಯಿಂದ ಹೊರಗೆ ಹೋಗುವ ಒಂದೊಂದು ಕಾರ್ಡನ್ನೂ ತಮ್ಮ ಮುಂದೆ ಓದಬೇಕು, ಮಗಳಿಗೆ ಬರೆದದ್ದಾದರೂ ಸರಿ ಎಂದು ತಾಕೀತು ಮಾಡಿದರು. ಗದಗಿನ ಪೇಟೆಗೆ ಸುದ್ದಿ ಮುಟ್ಟಿದರೆ ದೀಪಾವಳಿಗೆ ಒಂದು ಖೋಲಿಯೂ ತುಂಬುವುದಿಲ್ಲ, ಹಾಗೇನಾದರೂ ಆದರೆ ಕಾಡಪ್ಪ ತನ್ನ ಎರಡು ಕೋಣೆಯನ್ನೂ ಖಾಲಿ ಮಾಡಬೇಕಾಗುತ್ತದೆ ಎಂದರು.

ಕಾಡಪ್ಪ ಎದೆಗುಂದಲಿಲ್ಲ. ಅವನ ಹತ್ತಿರ ಯುಕ್ತಿ ಇತ್ತಲ್ಲ! ನೆತ್ತಿ ಖಾಲಿ ಬಿಟ್ಟು ಬರೆದ: ಚಿ. ಸೌ. ಪಾರವ್ವಳಿಗೆ ಆಶೀರ್ವಾದ. ಇತ್ತ ಎಲ್ಲರೂ ಕ್ಷೇಮ. ಹವಾ ಉತ್ತಮ ಇರುತ್ತದೆ. ನಿಮ್ಮ ಮನಸ್ಸಿಗೆ ಬಂದಂತೆ ಮಾಡಿರಿ. ಲೋಕದಲ್ಲಿ ಯಾರಿಗೆ ತಿಳಿಯದಿದ್ದರೂ ಪಾರವ್ವನಿಗೆ ತಿಳಿಯುತ್ತದೆ. ಧನಿಗಳ ಎದುರು “ಶ್ರೀ” ಎಂದೇ ಓದಿದ. ಸ್ವಂತ ಮಗಳಿಗಾದರೂ ಬರಬೇಡ ಎಂದು ಬಿಚ್ಚಿ ಬರೆದು, ಯಾರ ಕಣ್ಣಿಗೂ ಬೀಳದಂತೆ ಡಬ್ಬಿಗೆ ಹಾಕಬಹುದಿತ್ತು. ಕದ್ದು ಮಾಡಲು ಅಂಜಿದ, ಅಷ್ಟೇ. ಆ ಅಂಜಿಕೆಗೆ ಜಾಣತನ ಎಂದು ಹೆಸರಿಟ್ಟುಕೊಂಡಿದ್ದ. ಮಂಡಿಗೆ ಹೊರಟಿದ್ದ ರುದ್ರವ್ವನ ಕೈಗೆ ಕಾರ್ಡು ಕೊಟ್ಟು, ದಾರಿಯಲ್ಲಿ ಟಪಾಲು ಡಬ್ಬಿಗೆ ಹಾಕಲು ಹೇಳಿದ.

ಎಂಟನೆಯ ದಿನ ಬೆಳಿಗ್ಗೆ ವಾಡೆಯ ಮುಂದೆ ಟಾಂಗಾ ನಿಂತಿತು. ಫಿನೈಲಿನ ವಾಸನೆಗೆ ಮೂಗು ಮುಚ್ಚಿಕೊಂಡು, ನಗುತ್ತ ಇಳಿದವಳು ಪಾರವ್ವ. ರುದ್ರವ್ವ ಓಡಿಹೋಗಿ ಮಗಳ ಮುಖ ಸವರಿ ನೆಟಿಗೆ ಮುರಿದಳು. ಕಾಡಪ್ಪನ ಬಾಯಿಂದ ಬಂದ ಮೊದಲ ಮಾತು, “ಯಾಕ ಬಂದಿ?”

ಪಾರವ್ವನ ನಗು ಮಾಯವಾಯಿತು. “ಇದೇನ ಯಪ್ಪಾ ಹಿಂಗಂತಿ? ನೀನ ಬರದೀಯಲ್ಲ!” ಎಂದು ಸೆರಗಿನ ಗಂಟಿನಿಂದ ಕಾರ್ಡು ತೆಗೆದು ಕೊಟ್ಟಳು. “ಶ್ರೀ ಇತ್ತಂತನ ನಾ ಬಂದೆ. ಸ್ವಲ್ಪ ಸೊಟ್ಟ ಇತ್ತು, ಅಪ್ಪಗ ಕೈ ನಡುಗಾಕ ಹತ್ಯಾವೇನೋ ಅಂದ್ಕೊಂಡೆ.”

ಕಾಡಪ್ಪ ನೋಡಿದ. ಅವನ ದುಂಡು ಅಕ್ಷರಗಳ ಮೇಲೆ ಕೊಂಬು ಜೋಲುವ ಒಂದು ಶ್ರೀ ಕುಳಿತಿತ್ತು.

“ನಾನ ಬರದದ್ದವ್ವಾ ಅದು!” ರುದ್ರವ್ವ ಹಿಗ್ಗಿನಿಂದ ಹೇಳಿದಳು. “ನಿಮ್ಮಪ್ಪಗ ಮರವು ಬಂದೈತಿ. ಜಡ್ಡಾದ ಮಗಳಿಗೆ ಶ್ರೀ ಇಲ್ಲದ ಕಾರ್ಡ ಕಳಿಸ್ತಾರೇನು? ನೋಡಿ ನನ್ನ ಎದಿ ಧಸಕ್ಕಂತು. ದಾರ್ಯಾಗಿನ ಬಾಳೂನ ಅಂಗಡ್ಯಾಗ ಟಾಕು ಇಸ್ಕೊಂಡು ಬರದು ಹಾಕಿದೆ. ನೀ ಕಲಿಸಿದ್ದು ಮರತಿಲ್ಲ ನೋಡು.”

ಪಾರವ್ವ ಅಪ್ಪನ ಮುಖ ನೋಡಿದಳು. ಅಷ್ಟು ಸಾಕಾಯಿತು, ಎಲ್ಲವೂ ತಿಳಿಯಿತು. ಅವ್ವ ಕಾಲಿಗೆ ನೀರು ತರಲು ಒಳಗೆ ಹೋದ ಕೂಡಲೇ ಅವಳು ಅಪ್ಪನ ಕೈ ಹಿಡಿದಳು.

“ಇಲಿ ಬಿದ್ದಾವೇನು?”

“ಹೂಂ.”

“ಅವ್ವಗ ಹೇಳಬ್ಯಾಡ. ನನಗೇನರ ಆದ್ರೂ ಹೇಳಬ್ಯಾಡ. ನನ್ನ ಆಣಿ ಐತಿ.”

ಕಾಡಪ್ಪ ಅಂದೇ ಅವಳನ್ನು ತಿರುಗಿ ಕಳಿಸಲು ನೋಡಿದ. ಆದರೆ ಪುಣೆಯಿಂದ ಜ್ವರದ ಮೈಯಲ್ಲಿ ಬಂದವರನ್ನು ಮಿರಜಿನಲ್ಲಿ ಇಳಿಸಿ ಬೇರೆ ಇಡುತ್ತಾರೆಂದು ಊರೆಲ್ಲ ಸುದ್ದಿ ಹಬ್ಬಿತ್ತು. ನಿಜವೋ ಸುಳ್ಳೋ ಯಾರು ಬಲ್ಲರು? ಯಾವ ಜ್ವರ ಕಳೆಯಲೆಂದು ಮಗಳು ಬಂದಿದ್ದಳೋ ಅದೇ ಜ್ವರ ಅವಳನ್ನು ಪುಣೆಯಲ್ಲಿ ಕಟ್ಟಿಹಾಕಿತು. ಮರುದಿನ ಅವನು ಬಿಬವೇವಾಡಿಯ ದಾರಿಯ ಹೊಲದಲ್ಲಿ ಬಿದಿರು ತಟ್ಟಿಯ ಗುಡಿಸಲು ಹಾಕಿ, ಬಯಲ ಗಾಳಿ ಮಗಳಿಗೆ ಒಳ್ಳೆಯದೆಂದು ರುದ್ರವ್ವನಿಗೆ ಹೇಳಿ, ಹೆಂಡತಿ ಮಗಳನ್ನು ಅಲ್ಲಿಗೆ ಸಾಗಿಸಿದ. ಅಪ್ಪಾಸಾಹೇಬರು ಕೂಗಾಡಿದರು. ಈ ಸಲ ಅವನು ಕೇಳಲಿಲ್ಲ. ಆದರೆ ಆ ಒಂದು ದಿನ ಮಗಳು ಮಲಗಿದ್ದು ಕಾಳಿನ ಕೋಣೆಗೆ ಹೊಂದಿದ ಗೋಡೆಯ ಹತ್ತಿರವೇ.

ನಾಲ್ಕು ದಿನ ಸಂಜೆಯ ಜ್ವರ ಸಂಜೆಗಷ್ಟೇ ಬಂತು. ಹೊಲದ ಗಾಳಿಗೆ ಪಾರವ್ವ ಎರಡು ಸಲ ಕೇಳಿ ಉಂಡಳು, ರುದ್ರವ್ವ ದೃಷ್ಟಿ ತೆಗೆದಳು. ಕಾಡಪ್ಪನಿಗೂ ಆಸೆ ಹುಟ್ಟಿತು. ಐದನೆಯ ದಿನ ಜ್ವರ ಬೆಳಿಗ್ಗೆಯೇ ಬಂತು, ಇಳಿಯಲಿಲ್ಲ. ತೊಡೆಯ ಸಂದಿಯಲ್ಲಿ ಗಂಟು ಎದ್ದಿತು. ಗದಗಿಗೆ ತಾರು ಸುದ್ದಿ ಹೋಯಿತು. ಏಳನೆಯ ದಿನ ಮಧ್ಯಾಹ್ನ, ಈರಬಸಪ್ಪ ಬಂದು ಮುಟ್ಟುವ ಮೊದಲೇ, ಅವ್ವನ ತೊಡೆಯ ಮೇಲೆ ತಲೆಯಿಟ್ಟುಕೊಂಡು ಪಾರವ್ವ ಹೋದಳು. ಇಪ್ಪತ್ತು ವರ್ಷದ ಕೂಸು. ಆ ಹೊಲದ ಆಚೆಯೇ ಮಣ್ಣು ಮಾಡಿದರು.

ಮೂರನೆಯ ದಿನ ಕಾಡಪ್ಪ ವಾಡೆಗೆ ಹೋಗಿ ಪತ್ರಗಳ ಗಂಟು ಬಿಚ್ಚಿ, ದೀಪಾವಳಿಗೆ ಬರುತ್ತೇವೆಂದು ಕೇಳಿದ ಒಬ್ಬೊಬ್ಬರಿಗೂ ಬರೆದ. ಶ್ರೀ ಇಲ್ಲ, ಕ್ಷೇಮ ಇಲ್ಲ. ಇಲ್ಲಿ ಇಲಿ ಬಿದ್ದಿವೆ. ನನ್ನ ಮಗಳು ಪ್ಲೇಗಿನಿಂದ ಸತ್ತಳು. ಬರಬೇಡಿರಿ. ಯಾರಿಗೂ ಓದಿ ಹೇಳದೆ, ತಾನೇ ಹೋಗಿ ಡಬ್ಬಿಗೆ ಹಾಕಿದ. ಇಷ್ಟು ಸುಲಭವಿತ್ತು ಅದು. ಮೂರು ಸಾಲು.

ಕೆಲಸ ಹೋಯಿತು, ಎರಡು ಕೋಣೆಯೂ ಹೋದವು. ಕಾಡಪ್ಪ ಭವಾನಿ ಪೇಟೆಯ ಒಂದು ಕಿರಾಣಿ ಅಂಗಡಿಯಲ್ಲಿ ಪುಡಿಕೆ ಕಟ್ಟಲು ನಿಂತ. ವಾಡೆ ಒಂದು ವರ್ಷ ಖಾಲಿ ಬಿತ್ತು. ಮರುವರ್ಷ ಅಪ್ಪಾಸಾಹೇಬರಿಗೆ ಹೊಸ ಬರಹಗಾರ ಸಿಕ್ಕ. ಎಲ್ಲ ಕಾರ್ಡಿನ ಮೇಲೂ ದೊಡ್ಡ ಶ್ರೀ ಬರೆಯುತ್ತಿದ್ದನಂತೆ. ಹೊಸ ಸುಣ್ಣ ನೋಡಿ ಜನ ಮತ್ತೆ ಬಂದರು. ಧಾರವಾಡದವರೂ ಬಂದರು.

ರುದ್ರವ್ವ ಮಗಳ ಮಾತು ತೆಗೆದಾಗಲೆಲ್ಲ ಆ ಶ್ರೀಯ ಮಾತೂ ತೆಗೆಯುತ್ತಿದ್ದಳು. ನೆರೆಮನೆಯವರಿಗೆ, ಊರಿನಿಂದ ಬಂದ ನೆಂಟರಿಗೆ, ಗಂಡನ ಎದುರೇ ಹೇಳುವಳು. “ನನ್ನ ಕೈಲೆ ಶ್ರೀ ಬರದು ಕಳಿಸಿದ್ದೆ. ಅದರ ಪುಣ್ಯಾಕ ಕೊನೀ ಗಳಿಗ್ಯಾಗಾದ್ರೂ ನನ್ನ ತೊಡೀಮ್ಯಾಲೆ ಬಂದು ಹೋತು ನನ್ನ ಕೂಸು.” ಕಾಡಪ್ಪ ಎದ್ದು ಹೊರಗೆ ಹೋಗಿ ನಿಲ್ಲುತ್ತಿದ್ದ. ಮನೆಯಿಂದ ಯಾರಿಗೆ ಕಾರ್ಡು ಹೋಗಬೇಕಾದರೂ ಶ್ರೀ ತಾನೇ ಬರೆಯುತ್ತೇನೆ, ನಿಮಗೆ ಮರವು ಎಂದು ಆಕೆ ಟಾಕಿಗೆ ಕೈಚಾಚುತ್ತಿದ್ದಳು. ಅವನು ಕೊಟ್ಟು, ಆಕೆ ಬರೆದು ಮುಗಿಸುವ ತನಕ ಗೋಡೆ ನೋಡುತ್ತಿದ್ದ. ಹದಿನಾರು ವರ್ಷ ಹೀಗೆ ನಡೆಯಿತು. ಎಷ್ಟೋ ಸಲ ಹೇಳಿಬಿಡಲು ಹೊರಟವನನ್ನು ಮಗಳ ಆಣೆ ಹಿಡಿದು ನಿಲ್ಲಿಸಿತ್ತು.

ಸಾವಿರದ ಒಂಬೈನೂರ ಇಪ್ಪತ್ನಾಲ್ಕರಲ್ಲಿ ಕಾಡಪ್ಪ ಎದೆನೋವಿನಿಂದ ಹಾಸಿಗೆ ಹಿಡಿದ. ಇನ್ನು ಏಳುವುದಿಲ್ಲವೆಂದು ಇಬ್ಬರಿಗೂ ತಿಳಿದಿತ್ತು. ಒಂದು ಮುಂಜಾನೆ ರುದ್ರವ್ವ ಗಂಜಿ ಕುಡಿಸುತ್ತ ಕುಡಿಸುತ್ತ ಚಮಚ ಕೆಳಗಿಟ್ಟಳು.

“ಒಂದು ಮಾತು ಕೇಳ್ಲ್ಯಾ? ಇಷ್ಟು ವರ್ಷ ಕೇಳಬೇಕಂತ ಇದ್ದೆ. ನೀವು ಅಷ್ಟು ಕಾರ್ಡ ಬರದವರು. ಅವತ್ತು ಪಾರೂಗ ಬರಿಯೂದರಾಗ ಶ್ರೀ ಹ್ಯಾಂಗ ಬಿಟ್ರಿ?”

ಕಾಡಪ್ಪ ಆಕೆಯ ಕೈಯನ್ನು ನೋಡಿದ.

“ಮರತಿದ್ದೆ,” ಎಂದ. “ನೀ ಬರದದ್ದು ಛಲೋ ಆತು.”

ರುದ್ರವ್ವ ಸೆರಗಿನಿಂದ ಅವನ ಬಾಯಿ ಒರೆಸಿ, ಚಮಚ ಎತ್ತಿಕೊಂಡಳು.